ನಾನು ಬಿಟ್ಟುಬಿಟ್ಟ ಒಂದು ‘ನಾಟ್’

ಬಂಟ್ವಾಳದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ನನ್ನ ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿದೆ. ಇಷ್ಟು ವರ್ಷಗಳಲ್ಲಿ ಆ ಭಾಷೆಯ ಸಾವಿರಾರು ಶಬ್ದಗಳ ಜೊತೆ ನನಗೆ ಸ್ನೇಹವಾಗಿದೆ. ‘ಎಕ್ಸ್‌ಪೆಕ್ಟ್’ ಎಂಬ ಒಂದೇ ಒಂದು ಕ್ರಿಯಾಪದದ ಜೊತೆ ಮಾತ್ರ ಮಾತುಕತೆ ಇದೆ, ಸ್ನೇಹವಿಲ್ಲ. ಪಾಠದಲ್ಲಿ ಅದು ಬಂದ ದಿನ ಉಳಿದದ್ದನ್ನೆಲ್ಲ ಬದಿಗಿಟ್ಟು ಅರ್ಧ ಗಂಟೆ ಅದರ ಬೆನ್ನು ಹತ್ತುತ್ತೇನೆ. ಮಳೆ ಬಂದೀತು ಎಂದು ಎಣಿಸುವುದಕ್ಕೂ ಅದೇ ಶಬ್ದ, ನೆಂಟರ ದಾರಿ ನೋಡುವುದಕ್ಕೂ ಅದೇ, ಹೇಳಿದ ಮಾತು ಕೇಳಬೇಕೆಂದು ಮಕ್ಕಳಿಗೆ ತಾಕೀತು ಮಾಡುವುದಕ್ಕೂ ಅದೇ. ನಾವು ಕನ್ನಡದಲ್ಲಿ ಎಣಿಸುತ್ತೇವೆ, ಕಾಯುತ್ತೇವೆ, ಎದುರುನೋಡುತ್ತೇವೆ, ಬಯಸುತ್ತೇವೆ. ಒಂದೊಂದಕ್ಕೆ ಒಂದೊಂದು ಪಾತ್ರೆ. ಇಂಗ್ಲಿಷಿನವರು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದಾರೆ. "ಟೀಚರ್, ಇದೆಲ್ಲ ಪರೀಕ್ಷೆಗೆ ಬರ್ತದಾ?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ, "ಪರೀಕ್ಷೆಗೆ ಬರ್ಲಿಕ್ಕಿಲ್ಲ, ಮನೆಗೆ ಬಂದೀತು" ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಮನೆಗೆ ಅದು ಬಂದದ್ದು ಒಂದು ಇನ್‌ಲ್ಯಾಂಡ್ ಕಾಗದದಲ್ಲಿ, ನಾನು ಏಳನೆಯ ಕ್ಲಾಸಿನಲ್ಲಿದ್ದಾಗ.

ಮೂಡುಬಿದಿರೆಯ ಜೈನ ಪೇಟೆಯಲ್ಲಿದ್ದ ಆ ಮನೆ ನನ್ನ ಅಜ್ಜಿಯದು, ಅಂದರೆ ಅಮ್ಮನ ಅಮ್ಮನದು. ಹೆಣ್ಣುಮಕ್ಕಳು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಉಳಿಯುವುದು ನಮ್ಮಲ್ಲಿ ಹೊಸತಲ್ಲ. ಅಪ್ಪ ಬೆಳ್ತಂಗಡಿಯ ಶಾಲೆಯೊಂದರಲ್ಲಿ ಲೆಕ್ಕದ ಮಾಸ್ತರು. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಶನಿವಾರ ಮಧ್ಯಾಹ್ನ ವೇಣೂರಿನ ದಾರಿಯಾಗಿ ಬರುವ ಬಸ್ಸಿನಲ್ಲಿ ಬಂದು, ಸೋಮವಾರ ಬೆಳಿಗ್ಗೆ ನಾವು ಏಳುವ ಮೊದಲೇ ಹೊರಟುಬಿಡುತ್ತಿದ್ದರು. ಹಾಗಾಗಿ ವಾರದ ಐದು ದಿನ ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಮೂವರೇ. ಮುಂದೆ ಕಂಬಗಳ ಜಗಲಿ, ಅದರ ಹಿಂದೆ ಸದಾ ಅರ್ಧ ಕತ್ತಲೆಯ ಚಾವಡಿ, ಅದರಾಚೆ ಅಡುಗೆಕೋಣೆ. ಅಡುಗೆಕೋಣೆಯ ಕಾನೂನುಗಳೆಲ್ಲ ಅಜ್ಜಿಯವು. ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಕುಡಿಯುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಹೊಸಿಲು ದಾಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಾನೂನು, ಹೊತ್ತು ಕಂತುವ ಮೊದಲು ರಾತ್ರಿಯ ಊಟ ಮುಗಿಯಬೇಕು. ಕಂತಿದ ಮೇಲೆ ಒಲೆ ಉರಿಯುವಂತಿಲ್ಲ. ಶಾಲೆಯಿಂದ ಬಂದು ಚೀಲ ಬಿಸಾಡಿ ಆಡಲು ಓಡಿದರೆ ಐದೂವರೆಗೆಲ್ಲ ಅಜ್ಜಿಯ ಕೂಗು ಬೀದಿಯ ಆ ತುದಿಗೆ ಕೇಳುತ್ತಿತ್ತು. ಉಳಿದ ಮಕ್ಕಳು ಆಟದ ನಡುವೆ ಇರುವಾಗ ನಾನು ಕೈತೊಳೆದು ಮಣೆಯ ಮೇಲೆ ಕುಳಿತು ಸೌತೆಕಾಯಿ ಹುಳಿಗೆ ಅನ್ನ ಕಲಸುತ್ತಿದ್ದೆ. ಎಂಟು ಗಂಟೆಗೆ ಹೊಟ್ಟೆ ಚುರುಗುಟ್ಟಿದರೆ ನೀರು ಕುಡಿದು ಮಲಗುವುದು. ಆ ವಯಸ್ಸಿನಲ್ಲಿ ಅಜ್ಜಿಯನ್ನು ನಾನು ಬಹಳ ಪ್ರೀತಿಸುತ್ತಿದ್ದೆ, ಆದರೆ ಐದೂವರೆ ಗಂಟೆಗೆ ಅಲ್ಲ.

ಅಜ್ಜಿಗೆ ಅಮ್ಮನಲ್ಲದೆ ಒಬ್ಬ ಮಗನಿದ್ದ, ನನ್ನ ಜಿನರಾಜ ಮಾವ. ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಮೊದಲೆಲ್ಲ ಹದಿನೈದು ದಿನಕ್ಕೊಮ್ಮೆ ಅವನ ಕಾರ್ಡು ಬರುತ್ತಿತ್ತು. ಆಮೇಲೆ ಒಂದು ಕಾರ್ಡಿನಲ್ಲಿ, ತಾನು ಅಲ್ಲಿಯ ಮೇಧಾ ಎಂಬ ಟೀಚರನ್ನು ಮದುವೆಯಾಗಿದ್ದೇನೆ, ಅವಳು ಮರಾಠಿಯವಳು, ನಮ್ಮವಳಲ್ಲ, ತಾಯಿಯಿಲ್ಲದ ಹುಡುಗಿ, ನೀವು ಆಶೀರ್ವಾದ ಮಾಡಬೇಕು ಎಂದು ಬರೆದಿದ್ದ. ಮದುವೆ ಆಗಿ ಮುಗಿದ ಮೇಲೆ ಬಂದ ಕಾರ್ಡು ಅದು. ಅಜ್ಜಿ ಅತ್ತದ್ದು ಅದಕ್ಕೇ. ಮರಾಠಿಯವಳೆಂಬುದಕ್ಕಿಂತ, ಮಗನ ಮದುವೆಯ ಊಟ ತಾನು ಬಡಿಸಲಿಲ್ಲ ಎಂಬುದು ಅವಳನ್ನು ಸುಟ್ಟುಬಿಟ್ಟಿತು. ಆ ಹೆಣ್ಣು ಈ ಹೊಸಿಲು ಮೆಟ್ಟುವುದು ಬೇಡ ಎಂದು ಅಮ್ಮನ ಕೈಯಲ್ಲಿ ಬರೆಸಿ ಹಾಕಿದಳು. ಮಾವನಿಗೂ ತಾಯಿಯದೇ ಹಟ. ಅವನ ಕಾರ್ಡುಗಳು ನಿಂತವು. ಎರಡು ವರ್ಷ ಮನೆಯಲ್ಲಿ ಅವನ ಹೆಸರೆತ್ತುವಂತಿರಲಿಲ್ಲ. ಆದರೂ ಟಪಾಲಿನವನು ಬೀದಿಗೆ ಬರುವ ಹೊತ್ತಿಗೆ ಅಜ್ಜಿಗೆ ಜಗಲಿಯಲ್ಲೇ ಏನಾದರೊಂದು ಕೆಲಸ ಇರುತ್ತಿತ್ತು. ಅಕ್ಕಿ ಆರಿಸುವುದೋ, ಬಸದಿಗೆ ಹೂ ಕಟ್ಟುವುದೋ. ಅವನು ನಮ್ಮ ಮನೆ ದಾಟಿ ಮುಂದೆ ಹೋದ ಕೂಡಲೇ ಆ ಕೆಲಸ ಮುಗಿದುಬಿಡುತ್ತಿತ್ತು.

ಅಂಥ ಒಂದು ದಿನ ಅವನು ದಾಟಿ ಹೋಗಲಿಲ್ಲ. ಇನ್‌ಲ್ಯಾಂಡ್ ಕಾಗದವನ್ನು ಅಜ್ಜಿಯ ಕೈಗೇ ಕೊಟ್ಟ. ನಾನು ಶಾಲೆಯಿಂದ ಬಂದಾಗ ಅದು ಒಡೆದು ಜಗಲಿಯ ಮೇಲೆ ಬಿದ್ದಿತ್ತು, ಅಮ್ಮ ಅದರ ಮುಂದೆ ಕುಳಿತಿದ್ದಳು. ಪೂರ್ತಿ ಇಂಗ್ಲಿಷು. ಮೇಲೆ ಮರಾಠಿಯಲ್ಲಿ ಅಮ್ಮನನ್ನು ಕರೆಯುವ ‘ಆಯಿ’ ಎಂದೂ ಕೆಳಗೆ ‘ಮೇಧಾ’ ಎಂದೂ ಇದ್ದದ್ದನ್ನು ಹೇಗೋ ಅಕ್ಷರ ಕೂಡಿಸಿ ಓದಿದ್ದರಿಂದ ಬರೆದವಳು ಸೊಸೆಯೆಂದು ಅಮ್ಮನಿಗೆ ಗೊತ್ತಾಗಿತ್ತು, ಅದರಾಚೆಗೆ ಒಂದಕ್ಷರ ಗೊತ್ತಾಗಿರಲಿಲ್ಲ. ನಾನು ಐದನೆಯ ಕ್ಲಾಸಿನಿಂದ ಇಂಗ್ಲಿಷ್ ಕಲಿಯುತ್ತಿದ್ದೆ. ಕಳೆದ ವರ್ಷ ಕ್ಲಾಸಿಗೇ ಮೊದಲಿಗಳಾಗಿ ಒಂದು ಪುಟ್ಟ ಇಂಗ್ಲಿಷ್ ಕನ್ನಡ ನಿಘಂಟನ್ನು ಬಹುಮಾನವಾಗಿ ತಂದಿದ್ದೆ. ಮನೆಯಲ್ಲಿ ನಾನೇ ಪಂಡಿತೆ. ಔಷಧದ ಬಾಟಲಿಯ ಮೇಲಿನದು, ಸಾಬೂನಿನ ಕಾಗದದ ಮೇಲಿನದು, ಎಲ್ಲ ನಾನೇ ಓದಿ ಹೇಳಬೇಕು. ಆ ಪದವಿ ನನಗೆ ಎಷ್ಟು ರುಚಿಸಿತ್ತೆಂದರೆ, ಗೊತ್ತಿಲ್ಲ ಎಂಬ ಮಾತೇ ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

"ನಾಡಿದ್ದು ಶನಿವಾರ ಇವರು ಬರ್ತಾರಲ್ಲ, ಅವರೇ ಓದ್ಲಿ" ಎಂದಳು ಅಮ್ಮ.

"ಎಂತಕ್ಕೆ? ಸುಗುಣ ಓದುವುದಿಲ್ವಾ? ಮೂರು ವರ್ಷದಿಂದ ಇಂಗ್ಲಿಷ್ ಕಲ್ತು ಎಂತ ಮಾಡಿದ್ದು ಮತ್ತೆ?" ಎಂದಳು ಅಜ್ಜಿ. ಎರಡು ದಿನ ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ.

ಕಾಗದ ಉದ್ದವಿರಲಿಲ್ಲ. ಇಷ್ಟು ವರ್ಷಗಳ ಮೇಲೂ ಅದರ ಸಾಲುಗಳು ನನಗೆ ಬಾಯಿಪಾಠ. ಮೊದಲನೆಯದು, ‘ಐ ಆ್ಯಮ್ ಎಕ್ಸ್‌ಪೆಕ್ಟಿಂಗ್’. ಎರಡನೆಯದು, ಇದನ್ನು ಅವರಿಗೆ ಹೇಳದೆ ಬರೆಯುತ್ತಿದ್ದೇನೆ ಎಂದು. ಮೂರನೆಯದು, ‘ಐ ಡು ನಾಟ್ ಎಕ್ಸ್‌ಪೆಕ್ಟ್ ಎನಿಥಿಂಗ್ ಫ್ರಮ್ ಯು’. ಕೊನೆಗೆ, ಆದರೆ ಸಾಧ್ಯವಾದರೆ ಒಮ್ಮೆ ಬನ್ನಿ ಎಂದು. ನಾನು ಮೊದಲ ಸಾಲಿನಲ್ಲೇ ಮುಗ್ಗರಿಸಿದೆ. ನಿಘಂಟು ತೆಗೆದರೆ ಮೂರು ಅರ್ಥಗಳಿದ್ದವು: ನಿರೀಕ್ಷಿಸು, ಎದುರುನೋಡು, ಬಯಸು. ಮೊದಲನೆಯದನ್ನು ಆರಿಸಿದೆ, ಅದೇ ಘನವಾಗಿ ಕಂಡಿತು. ಸರಿ, ನಿರೀಕ್ಷಿಸುತ್ತಿದ್ದಾಳೆ, ಏನನ್ನು? ಇಂಥ ಕ್ರಿಯಾಪದಕ್ಕೆ ‘ಏನನ್ನು’ ಎಂದು ಕೇಳಿದರೆ ಉತ್ತರ ಸಿಗಲೇಬೇಕು, ಸಿಗದಿದ್ದರೆ ವಾಕ್ಯ ತಪ್ಪು ಎಂದು ನಮ್ಮ ಮಾಸ್ತರು ಕಿವಿ ಹಿಂಡಿ ಕಲಿಸಿದ್ದರು. ಆ ಸಾಲಿನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದೆ, ಮೂರನೆಯ ಸಾಲಿನಲ್ಲಿ ಸಿಕ್ಕಿತು: ‘ನಿಮ್ಮಿಂದ ಏನಾದರೂ’. ಆದರೆ ಅಲ್ಲಿ ನಡುವೆ ಒಂದು ‘ನಾಟ್’ ಕುಳಿತಿತ್ತು. ಒಂದು ಕಡೆ ನಿರೀಕ್ಷಿಸುತ್ತೇನೆ ಎನ್ನುತ್ತಾಳೆ, ಇನ್ನೊಂದು ಕಡೆ ನಿರೀಕ್ಷಿಸುವುದಿಲ್ಲ ಎನ್ನುತ್ತಾಳೆ. ಅಜ್ಜಿ ಮುಂದೆ ಬಗ್ಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅರ್ಥವಾಗಲಿಲ್ಲ ಎಂದಿದ್ದರೆ ಕಾಗದ ಶನಿವಾರದವರೆಗೆ ಉಳಿಯುತ್ತಿತ್ತು. ನಾನು ಹಾಗೆನ್ನಲಿಲ್ಲ. ‘ನಾಟ್’ ಎಂಬುದು ಮೇಧಾ ಮಾಮಿ ಕೈತಪ್ಪಿ ಬರೆದದ್ದಿರಬೇಕು ಎಂದು ತೀರ್ಮಾನಿಸಿ ಅದನ್ನು ಬಿಟ್ಟುಬಿಟ್ಟೆ.

"ನಿಮ್ಮಿಂದ ಏನಾದ್ರೂ ಸಿಗ್ಬಹುದು ಅಂತ ನಿರೀಕ್ಷೆ ಮಾಡ್ತಾ ಇದ್ದೇನೆ. ಮಾವನಿಗೆ ಹೇಳದೆ ಬರೀತಾ ಇದ್ದೇನೆ. ಒಮ್ಮೆ ಬನ್ನಿ. ಅಷ್ಟೇ ಇರುವುದು ಅಜ್ಜಿ."

"ನಿರೀಕ್ಷೆ ಅಂದ್ರೆ?"

"ಸಿಗ್ತದೆ ಅಂತ ಆಸೆ ಇಟ್ಟುಕೊಂಡು ಕೂತುಕೊಳ್ಳುವುದು."

ಅಜ್ಜಿಯ ಮುಖದಲ್ಲಿ ಒಂದು ಕ್ಷಣದ ಹಿಂದೆ ಇದ್ದ ಬೆಳಕು ಹೇಗೆ ಆರಿತು ಎಂಬುದನ್ನು ನಾನು ಕಂಡಿದ್ದೇನೆ. ಆಗ ಅದು ಮಾಮಿಯ ತಪ್ಪು ಎಂದುಕೊಂಡಿದ್ದೆ.

"ಎರಡು ವರ್ಷ ಆದ ಮೇಲೆ ಒಂದು ಕಾಗದ. ಅದೂ ಕೇಳ್ಲಿಕ್ಕೆ. ಅದೂ ಗಂಡನಿಗೆ ಗೊತ್ತಾಗದ ಹಾಗೆ. ನಾನೇ ಅಲ್ಲಿಗೆ ಹೋಗಿ ಕೈಗೆ ಕೊಟ್ಟು ಬರ್ಬೇಕಂತೆ, ನೋಡು!" ಎಂದು ಎದ್ದವಳೇ ಕಾಗದವನ್ನು ಬಚ್ಚಲ ಒಲೆಗೆ ಹಾಕಿಬಿಟ್ಟಳು. ಅಮ್ಮ ಹಿಂದಿನಿಂದ ಓಡಿದರೂ ಸಿಗಲಿಲ್ಲ. ಹೀಗೆ ಮಾಮಿ ಬರೆದದ್ದು ಉರಿದುಹೋಗಿ ನಾನು ಹೇಳಿದ್ದು ಮಾತ್ರ ಉಳಿಯಿತು. ಶನಿವಾರ ಅಪ್ಪ ಬಂದು, ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದಳು ಎಂದು ಕೇಳಿದಾಗ ಮರೆತುಹೋಯಿತು ಎಂದೆ. ಮರೆತಿರಲಿಲ್ಲ.

ಅಪ್ಪ ಬರುವುದರೊಳಗೆ ಇನ್ನೊಂದು ಕೆಲಸವೂ ಆಗಿಹೋಗಿತ್ತು. ಮರುದಿನವೇ ಅಜ್ಜಿ ನನ್ನನ್ನು ಕೂರಿಸಿ ಉತ್ತರ ಬರೆಸಿದಳು.

"ನಮ್ಮಿಂದ ಎಂತದನ್ನೂ ನಿರೀಕ್ಷೆ ಮಾಡುವುದು ಬೇಡ ಅಂತ ಬರೆ. ಇಂಗ್ಲಿಷಿನಲ್ಲೇ ಬರೆ, ಅವಳಿಗೆ ಸರಿಯಾಗಿ ತಾಗ್ಬೇಕು. ಹೆಚ್ಚು ಉದ್ದ ಬೇಡ."

‘ಎಂತದನ್ನೂ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಯಾವ ಶಬ್ದ ಹಾಕಬೇಕು, ಎಲ್ಲಿ ಹಾಕಬೇಕು ಎಂದು ಗೊತ್ತಾಗದೆ ಅದನ್ನೂ ಬಿಟ್ಟೆ. ಮಾಮಿಯೇ ತನ್ನ ಮೊದಲ ಸಾಲಿನಲ್ಲಿ ಏನನ್ನು ಎಂದು ಹೇಳದೆ ಬರೆದಿದ್ದಾಳೆ, ನಾನೇಕೆ ಬರೆಯಬಾರದು ಎಂಬ ಧೈರ್ಯ ಬೇರೆ. ಹಾಗಾಗಿ ಪುಣೆಗೆ ಹೋದದ್ದು ಒಂದೇ ವಾಕ್ಯ: ‘ಪ್ಲೀಸ್ ಡು ನಾಟ್ ಎಕ್ಸ್‌ಪೆಕ್ಟ್’. ಏನನ್ನು ಎಂದು ಹೇಳದೆ ‘ಐ ಆ್ಯಮ್ ಎಕ್ಸ್‌ಪೆಕ್ಟಿಂಗ್’ ಎಂದರೆ ಇಂಗ್ಲಿಷಿನಲ್ಲಿ ನಾನು ಬಸುರಿ ಎಂದರ್ಥ. ನಾಲ್ಕು ತಿಂಗಳ ಬಸುರಿಗೆ ಗಂಡನ ಮನೆಯಿಂದ ಬಂದ ಮೊದಲ ಕಾಗದ ಅದು. ನೀನು ದಯವಿಟ್ಟು ಬಸುರಿಯಾಗಬೇಡ ಎಂದು ನಾನು ಬರೆದಿದ್ದೆ. ಇದನ್ನು ಈಗ ಹೇಳುವಾಗ ನಗು ಬರುತ್ತದೆ, ನಗು ಮುಗಿದ ಮೇಲೆ ಇಂದಿಗೂ ನಾಚಿಕೆಯಾಗುತ್ತದೆ.

ಮೂರು ತಿಂಗಳು ಅಲ್ಲಿಂದ ಸುದ್ದಿಯಿಲ್ಲ. ಮನೆಯಲ್ಲಿ ಮಾಮಿಗೆ ಹೊಸ ಹೆಸರು ಬಂದಿತ್ತು, ‘ನಿರೀಕ್ಷೆಯವಳು’. ಅನ್ನ ಸೀದುಹೋದರೂ, ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಅಜ್ಜಿ ಅವಳನ್ನು ಒಂದು ಸಲ ಬೈದು ಮುಂದೆ ಹೋಗುತ್ತಿದ್ದಳು. ಬೈಗುಳದಲ್ಲಾದರೂ ಮಗನ ಸಂಸಾರ ದಿನಕ್ಕೊಮ್ಮೆ ಮನೆಯೊಳಗೆ ಬಂದುಹೋಗುತ್ತಿತ್ತು. ಅಮ್ಮ ಒಮ್ಮೆ, "ಹಾಗೆ ಕೇಳುವವಳು ಇಂಗ್ಲಿಷಿನಲ್ಲಿ ಆಯಿ ಅಂತ ಯಾಕೆ ಬರೀತಾಳೆ ಅಮ್ಮ?" ಎಂದು ಕೇಳಿದ್ದುಂಟು. ನಾನು ಪುಸ್ತಕದೊಳಗೆ ಮುಖ ಹುದುಗಿಸಿದೆ.

ಸೆಖೆಗಾಲ ಶುರುವಾಗಿತ್ತು. ಹಿತ್ತಿಲಿನ ಹಲಸಿನ ಮರದಲ್ಲಿ ಎಳೆಯ ಕಾಯಿ ಬಿಟ್ಟು, ಆ ವರ್ಷದ ಮೊದಲ ಗುಜ್ಜೆಯ ಪಲ್ಯ ಆಗಿತ್ತು. ಸಂಜೆ ಐದೂ ಮುಕ್ಕಾಲರ ಹೊತ್ತು. ಒಳಗೆ ಅಮ್ಮ ಬಾಳೆಲೆ ಹಾಕುತ್ತಿದ್ದಳು, ಅಜ್ಜಿ ನನ್ನನ್ನು ಕರೆಯಲು ಜಗಲಿಗೆ ಬಂದಿದ್ದಳು, ನಾನು ಕೈಕಾಲು ತೊಳೆದು ಮೆಟ್ಟಿಲು ಹತ್ತುತ್ತಿದ್ದೆ. ಆಗ ಗೇಟು ತೆಗೆದುಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಸೀರೆಯನ್ನು ನಮ್ಮವರ ಹಾಗೆ ಉಟ್ಟಿರಲಿಲ್ಲ. ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಕೈಯಲ್ಲಿ ಒಂದು ಇನ್‌ಲ್ಯಾಂಡ್ ಕಾಗದ. ಆದರೆ ಯಾರ ಕಣ್ಣೂ ಕಾಗದದ ಮೇಲೆ ಹೋಗಲಿಲ್ಲ. ಏಳು ತಿಂಗಳ ಹೊಟ್ಟೆ ಅವಳಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು.

ಅವಳು ಜಗಲಿ ಹತ್ತಲಿಲ್ಲ. ಮೆಟ್ಟಿಲಿನ ಕೆಳಗೇ ನಿಂತು, ಕಾಗದವನ್ನು ಮೇಲೆ ಹಿಡಿದು, "ಹೂ ರೋಟ್ ದಿಸ್?" ಎಂದು ಕೇಳಿದಳು. ನಾನು ಕಂಬದ ಹಿಂದೆ ಸರಿದೆ. ನನ್ನ ಅಕ್ಷರ ನನಗೆ ಅಷ್ಟು ದೂರದಿಂದಲೇ ಗೊತ್ತಾಗಿತ್ತು.

"ಎಂತ ಕೇಳ್ತಾಳೆ?" ಎಂದಳು ಅಜ್ಜಿ, ಆ ಹೊಟ್ಟೆಯಿಂದ ಕಣ್ಣು ತೆಗೆಯದೆ.

"ಇದನ್ನು ಬರೆದದ್ದು ಯಾರು ಅಂತ."

"ನಾನು ಬರೆಸಿದ್ದು ಅಂತ ಹೇಳು."

ಹೇಳಿದೆ. ಆಮೇಲೆ ಮಾಮಿ ಮಾತಾಡಿದಳು. ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುವವಳಲ್ಲವೇ, ನನಗೆ ತಿಳಿಯುವ ಹಾಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ನಾನು ನಿಮ್ಮಿಂದ ಏನನ್ನೂ ನಿರೀಕ್ಷಿಸುವುದಿಲ್ಲ ಎಂದು ಬರೆದಿದ್ದೆ, ‘ನಾಟ್’ ಎಂದು ಬರೆದಿದ್ದೆ, ಅವರಿಗೆ ಹೇಳು. ಆಮೇಲೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, "ದಿಸ್. ದಿಸ್ ಈಸ್ ಎಕ್ಸ್‌ಪೆಕ್ಟಿಂಗ್" ಎಂದಳು. ಏನನ್ನು ಎಂಬ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರೇ ನಿಂತಿತ್ತು.

"ಹೇಳು, ಎಂತ ಹೇಳ್ತಾಳೆ?"

ಹನ್ನೆರಡು ವರ್ಷದ ತಲೆ ಎಷ್ಟು ಬೇಗ ಓಡುತ್ತದೆಂದರೆ, ಆ ಒಂದು ಉಸಿರಿನಲ್ಲೇ ನಾನು ಇನ್ನೊಂದು ಸುಳ್ಳು ತಯಾರಿಸಿದ್ದೆ. ಈ ಸಲ ಒಳ್ಳೆಯ ಸುಳ್ಳು, ಎಲ್ಲರಿಗೂ ಹಿತವಾಗುವಂಥದು.

"ಒಳಗೆ ಬರ್ಬಹುದಾ ಅಂತ ಕೇಳ್ತಾಳೆ ಅಜ್ಜಿ."

"ಅಷ್ಟುದ್ದ ಹೇಳಿದ್ದು ಇಷ್ಟೇಯಾ?"

ಅಜ್ಜಿ ನನ್ನ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಅಮ್ಮ ಬಾಳೆಲೆ ಹಿಡಿದುಕೊಂಡೇ ಬಾಗಿಲಿಗೆ ಬಂದು, ಮಾಮಿಯನ್ನು ನೋಡಿ, "ಅಯ್ಯೋ, ಬಸುರಿ!" ಎಂದುಬಿಟ್ಟಳು. ಆ ಶಬ್ದ ಕೇಳಿದ ಮೇಲೆ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಕಂಬ ಹಿಡಿದುಕೊಂಡೇ ಅತ್ತೆ. ಎಲ್ಲ ಹೇಳಿದೆ. ಮಾಮಿ ಅವತ್ತು ಬರೆದದ್ದು ಇದನ್ನೇ ಎಂದು, ಆ ಶಬ್ದಕ್ಕೆ ಹೀಗೂ ಒಂದು ಅರ್ಥ ಉಂಟೆಂದು ನನಗೆ ಗೊತ್ತಿರಲಿಲ್ಲ ಎಂದು, ಏನೂ ಬೇಡ ಎಂದು ಅವಳು ಬರೆದಿದ್ದಳು, ‘ಬೇಡ’ವನ್ನು ಬಿಟ್ಟದ್ದು ನಾನು ಎಂದು. ಗೊತ್ತಿಲ್ಲದೆ ಆದ ತಪ್ಪನ್ನು ಹೇಳುವುದು ಸುಲಭವಿತ್ತು. ಗೊತ್ತಿದ್ದೂ ಬಿಟ್ಟ ಆ ಒಂದು ಶಬ್ದವನ್ನು ಹೇಳುವಾಗ ಅಜ್ಜಿಯ ಮುಖ ನೋಡಲು ಧೈರ್ಯವಾಗಲಿಲ್ಲ.

ಅಜ್ಜಿ ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟಳು. ನನಗೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಮೂರು ತಿಂಗಳು" ಎಂದಳು. "ಮೂರು ತಿಂಗಳು ಒಂದು ಬಸುರಿ ಹೆಂಗಸಿಗೆ ಬೈದೆನಲ್ಲ ನಾನು."

ಮಾಮಿಗೆ ಇದೊಂದೂ ತಿಳಿಯಲಿಲ್ಲ. ಅತ್ತದ್ದೂ ಒಪ್ಪಿಕೊಂಡದ್ದೂ ಎಲ್ಲ ತುಳುವಿನಲ್ಲಿ ನಡೆದಿತ್ತು. ನಮ್ಮ ಮನೆಮಾತು ತುಳು. ಇಲ್ಲಿ ಬರೆದ ಅಜ್ಜಿ ಅಮ್ಮನ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದದ್ದು ನಾನೇ. ಮಾಮಿ ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದಳು. ಅಜ್ಜಿ ಎದ್ದು ಪಡುವಣದ ಕಡೆ ಒಮ್ಮೆ ನೋಡಿ ನನಗೆ ಹೇಳಿದಳು:

"ಹೊತ್ತು ಕಂತ್ಲಿಕ್ಕೆ ಇನ್ನು ಸ್ವಲ್ಪವೇ ಉಂಟು. ಈ ಮನೆಯಲ್ಲಿ ಆಮೇಲೆ ಬಡಿಸುವ ಕ್ರಮ ಇಲ್ಲ, ಬೇಗ ಬಂದು ಕೂತ್ಕೊಳ್ಳುವುದಂತೆ ಅಂತ ಹೇಳು."

ನಾನು ಮೂಗೊರೆಸಿಕೊಂಡು, "ಈಟ್. ಸನ್ ಈಸ್ ಗೋಯಿಂಗ್" ಎಂದೆ. ಮಾಮಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದಳು. ಅಮ್ಮ ಹೋಗಿ ಕೈಹಿಡಿದಳು. ಎಲೆಯ ಮುಂದೆ ಕುಳಿತ ಮೇಲೆ ಗೊತ್ತಾಯಿತು, ಮಾವನೂ ಊರಿಗೆ ಬಂದಿದ್ದಾನೆ. ತನ್ನ ಹೆಂಡತಿಯನ್ನು ಬೇಡವೆಂದ ಮನೆಗೆ ತಾನು ಬರುವುದಿಲ್ಲ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತಿದ್ದಾನೆ. "ಅಲ್ಲೇ ಕೂತಿರ್ಲಿ, ಈರುಳ್ಳಿ ಬಜೆ ತಿನ್ನಲಿ" ಎಂದಳು ಅಜ್ಜಿ. ಗುಜ್ಜೆ ಪಲ್ಯ ಎರಡನೆಯ ಸಲ ಬಡಿಸುವಾಗ, "ಸುಗುಣ, ಓಡು, ಅವನನ್ನು ಕರ್ಕೊಂಡು ಬಾ" ಎಂದಳು. ಆ ದಿನ ಎಂಟು ಗಂಟೆಗೆ ಮಾಮಿಗೆ ಮತ್ತೆ ಹಸಿವಾಯಿತು. ಯಾರಿಗೂ ಹೇಳಲಿಲ್ಲ, ಆದರೆ ಬಸುರಿಯ ಹಸಿವು ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ? ಅಜ್ಜಿ ಸದ್ದಿಲ್ಲದೆ ಹೋಗಿ ಒಲೆ ಹೊತ್ತಿಸಿ ಎರಡು ನೀರುದೋಸೆ ಹುಯ್ದಳು. ಹೊತ್ತು ಕಂತಿದ ಮೇಲೆ ಆ ಒಲೆಯಲ್ಲಿ ಬೆಂಕಿ ಕಂಡದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದಳು, ಸಂಜೆ ಮತ್ತೆ ಒಲೆ ಹೊತ್ತಿಸಿದಳು.

ಮುಂದಿನ ಭಾನುವಾರ ಮಾಮಿಗೆ ಬಯಕೆ ಮಾಡಿದರು. ಬಸುರಿಗೆ ಹೂ ಮುಡಿಸಿ, ಸೀರೆ ಉಡಿಸಿ, ಅವಳಿಗಿಷ್ಟವಾದದ್ದನ್ನೆಲ್ಲ ಬಡಿಸುವ ಶಾಸ್ತ್ರಕ್ಕೆ ನಮ್ಮೂರಿನಲ್ಲಿ ಬಯಕೆ ಎಂದೇ ಹೆಸರು. ಮಗನ ಮದುವೆಯಲ್ಲಿ ಬಡಿಸಲಾಗದ್ದನ್ನೆಲ್ಲ ಅಜ್ಜಿ ಅವತ್ತು ಬಡಿಸಿದಳು. ಅಪ್ಪನಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಊಟವಾದ ಮೇಲೆ ನನ್ನ ನಿಘಂಟನ್ನು ತರಿಸಿ ಆ ಪುಟ ತೆಗೆದು, ಮೂರನೆಯ ಅರ್ಥದ ಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಬಯಸು. ಇದನ್ನು ಹೇಳಿದ್ದರೆ ನಿನ್ನ ಅಜ್ಜಿಗೆ ಕೂಡಲೇ ಗೊತ್ತಾಗ್ತಿತ್ತು ಮಾರಾಯ್ತಿ" ಎಂದರು. ಬೈಯಲಿಲ್ಲ. ಲೆಕ್ಕದ ಮಾಸ್ತರಿಗೆ ಉತ್ತರ ಅಷ್ಟು ಹತ್ತಿರದಲ್ಲಿ ತಪ್ಪಿಹೋದದ್ದೇ ಬೇಸರ.

ಮಾವ ಕೆಲಸಕ್ಕೆಂದು ಪುಣೆಗೆ ಮರಳಿದ, ತಾಯಿಯಿಲ್ಲದ ಮಾಮಿ ಹೆರಿಗೆಗೂ ನಮ್ಮಲ್ಲೇ ನಿಂತಳು. ಅಜ್ಜಿ ನನಗೆ ಕೊಟ್ಟ ಶಿಕ್ಷೆಯೆಂದರೆ, ಆ ಎರಡು ತಿಂಗಳು ಅವರಿಬ್ಬರ ನಡುವಿನ ಮಾತನ್ನೆಲ್ಲ ನಾನೇ ದಾಟಿಸಬೇಕು. "ಅವಳು ಹೇಳಿದ್ದಷ್ಟನ್ನೂ ಹೇಳ್ಬೇಕು. ಬೇಡ ಅಂದ್ರೆ ಬೇಡ ಅಂತಲೇ ಹೇಳ್ಬೇಕು" ಎಂದು ದಿನಕ್ಕೊಮ್ಮೆ ಎಚ್ಚರಿಸುತ್ತಿದ್ದಳು. ಹೇಳಿದರೆ ಕೇಳುತ್ತಿದ್ದಳೆಂದಲ್ಲ. ಮಾಮಿ ತುಪ್ಪ ಬೇಡ ಎಂದರೆ ನಾನು ತಲೆಯ ಮೇಲೆ ಕೈಯಿಟ್ಟು ಬೇಡವಂತೆ ಎಂದರೂ ತುಪ್ಪ ಬೀಳುತ್ತಿತ್ತು. ನಡುವೆ ಅಜ್ಜಿ ಆ ಇಂಗ್ಲಿಷ್ ಶಬ್ದವನ್ನು ತನ್ನದಾಗಿ ಮಾಡಿಕೊಂಡಳು. ಪಕ್ಕದ ಮನೆಯ ದನ ‘ಎಕ್ಸ್‌ಪೆಟ್ಟಿಂಗು’, ಹಿತ್ತಿಲಿನ ಬಾಳೆ ‘ಎಕ್ಸ್‌ಪೆಟ್ಟಿಂಗು’, ಒಂದು ಮಧ್ಯಾಹ್ನ ಕಪ್ಪಗೆ ಮೋಡ ಕವಿದಾಗ ಆಕಾಶವೂ ‘ಎಕ್ಸ್‌ಪೆಟ್ಟಿಂಗು’. ನಾನು ತಿದ್ದಲು ಹೋಗಲಿಲ್ಲ. ಆ ಶಬ್ದದ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರನ್ನೂ ತಿದ್ದುವ ಯೋಗ್ಯತೆ ನನಗಿರಲಿಲ್ಲ. ಮಳೆಗಾಲದ ಮೊದಲ ವಾರದಲ್ಲಿ ಮಾಮಿಗೆ ಹೆಣ್ಣುಮಗು ಹುಟ್ಟಿತು. ಅದನ್ನು ಮೊದಲು ಎತ್ತಿಕೊಂಡವಳು ಅಜ್ಜಿ, ಎರಡನೆಯವಳು ನಾನು.

ಅಜ್ಜಿಯ ಮುಂದೆ ನಾನು ತಪ್ಪೊಪ್ಪಿಕೊಂಡದ್ದು ತುಳುವಿನಲ್ಲಿ. ಮಾಮಿಗೆ ಅದನ್ನು ಯಾರೂ ಇಂಗ್ಲಿಷಿಗೆ ಮಾಡಿ ಹೇಳಲಿಲ್ಲ, ಮಾಡಬೇಕಾಗಿದ್ದವಳು ನಾನೊಬ್ಬಳೇ. ಬಂದ ಕಾಗದದ ಅರ್ಥ ತನಗೆ ಆಗಲಿಲ್ಲ, ಸಿಟ್ಟಿನಲ್ಲಿ ಹಾಗೆ ಬರೆಸಿದೆ ಎಂದು ಮಾವನ ಬಾಯಲ್ಲಿ ಮಾಮಿಗೆ ಹೇಳಿಸಿ ಅಜ್ಜಿ ಅಡ್ಡ ನಿಂತು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಳು. ಆಮೇಲೆ ಹೇಳೋಣ ಎಂದು ಇಟ್ಟುಕೊಂಡದ್ದು ಹಾಗೇ ಉಳಿಯಿತು. ಅಜ್ಜಿ ಹೋದಳು, ಅಮ್ಮ ಹೋದಳು. ಮಾಮಿ ಪ್ರತಿ ವರ್ಷ ಬರುತ್ತಾಳೆ, ಈಗ ನನಗಿಂತ ಚಂದ ತುಳು ಮಾತಾಡುತ್ತಾಳೆ. ಹೇಳಲು ಯಾವ ಭಾಷೆಯ ಅಡ್ಡಿಯೂ ಇಲ್ಲದಿದ್ದ ಮೇಲೂ ನನಗೆ ಬಾಯಿ ಬರಲಿಲ್ಲ. ಅಜ್ಜಿಯ ಬಗ್ಗೆ ಮಾಮಿಯ ಮನಸ್ಸಿನ ಮೂಲೆಯಲ್ಲಿ ಎಲ್ಲಾದರೂ ಒಂದು ಮುಳ್ಳು ಉಳಿದಿದ್ದರೆ ಅದು ನನ್ನದೆಂಬ ಯೋಚನೆ ಮಾತ್ರ ಬಿಟ್ಟುಹೋಗುತ್ತಿರಲಿಲ್ಲ. ಈ ವರ್ಷ ಅವಳು ಬಂಟ್ವಾಳಕ್ಕೆ ಬಂದು ನಮ್ಮಲ್ಲಿ ನಿಂತಿದ್ದಾಗ, ಅಡುಗೆಮನೆಯಲ್ಲಿ ಕುಳಿತು ಅಲಸಂಡೆ ಮುರಿಯುತ್ತಿದ್ದಳು. ನಾನು ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿಬಿಟ್ಟೆ.

"ಮಾಮಿ, ನಿಮ್ಮ ಕಾಗದದಲ್ಲಿ ‘ನಾಟ್’ ಬಿಟ್ಟು ಓದಿದ್ದು ನಾನು. ಅಜ್ಜಿಯದು ತಪ್ಪಿಲ್ಲ. ಆ ಉತ್ತರವೂ ಅವರು ಹೇಳಿದ ಹಾಗೆ ಇರ್ಲಿಲ್ಲ, ನಾನೇ ಹಾಳು ಮಾಡಿದ್ದು."

"ಗೊತ್ತುಂಟು" ಎಂದಳು ಮಾಮಿ. ಅಲಸಂಡೆ ಮುರಿಯುವ ಸದ್ದು ನಿಲ್ಲಲಿಲ್ಲ.

"ಯಾರು ಹೇಳಿದ್ದು? ಅಜ್ಜಿಯಾ?"

"ಅವರು ಎಂತ ಹೇಳ್ಲಿಕ್ಕೆ? ಕೊನೆಯವರೆಗೆ ‘ನಾನು ಬರೆಸಿದ್ದು’ ಅಂತಲೇ ಹೇಳಿದ್ರು. ನಿನ್ನ ಕಾಗದ ನೋಡಿಯೇ ಗೊತ್ತಾಯ್ತು. ಪೆನ್ಸಿಲಿನಲ್ಲಿ ಗೆರೆ ಹಾಕಿ ಅದರ ಮೇಲೆ ಬರೆದಿದ್ದಿ. ‘ಎಕ್ಸ್‌ಪೆಕ್ಟ್’ ಅನ್ನುವುದನ್ನು ಎರಡು ಸಲ ತಪ್ಪಿ, ಬ್ಲೇಡಿನಲ್ಲಿ ಕೆರೆದು ಕೆರೆದು ಕಾಗದ ತೂತಾಗಿತ್ತು. ಕೆಳಗೆ ‘ಯುವರ್ಸ್ ಒಬೀಡಿಯಂಟ್ಲಿ’ ಅಂತ ಬೇರೆ, ರಜೆ ಅರ್ಜಿಯ ಹಾಗೆ."

ನಾನು ತಿರುಗಿ ನೋಡಿದೆ. ಮಾಮಿ ಮಡಿಲಿನ ತಟ್ಟೆಯನ್ನು ಕೆಳಗಿಟ್ಟಳು.

"ಮೊದಲು ಓದಿ ಅತ್ತದ್ದು ಹೌದು. ಆಮೇಲೆ ಆ ತೂತು ನೋಡಿದೆ. ದೊಡ್ಡವರು ಬರೆದ ಕಾಗದ ಆಗಿದ್ರೆ ನಾನು ಈ ಊರಿಗೆ ಕಾಲು ಇಡ್ತಿರ್ಲಿಲ್ಲ ಸುಗುಣ. ಅಷ್ಟು ಕಷ್ಟಪಟ್ಟು ನನಗೆ ಕಾಗದ ಬರೆದ ಮಗು ಯಾವುದು ಅಂತ ನೋಡ್ಲಿಕ್ಕೆ ಬಂದದ್ದು ನಾನು."